ಹಳ್ಳಿಗೆ ಹೋಗುವುದು ಸರಿ, ಯಾವ ಹಳ್ಳಿಗೆ?

(ಮುಂಬಯಿಯ ನಮ್ಮ ಸಂಘದ ವಾಚನಾಲಯದಲ್ಲಿ ನಡೆದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಕೂಟಕ್ಕೆ ನಮಗೆ ಒಪ್ಪಿಸಿದ ವಿಷಯ ‘ಹಳ್ಳಿಗೆ ಮರಳುವುದು’ ಎಂದಿತ್ತು. ಅದನ್ನು ಸ್ವಲ್ಪ ಕಿರಿದುಮಾಡಿಕೊಳ್ಳಲು ಅಧ್ಯಕ್ಷರ ಅಪ್ಪಣೆ ಪಡೆದಿದ್ದೇವೆ. ಮರಳಬೇಕೆ, ಬೇಡವೆ ಎಂಬ ಚರ್ಚೆ ಈ ನಗರದ ಕನ್ನಡಿಗರ ಮನೆಗಳಲ್ಲಿ ಮೂರು ತಲೆಮಾರುಗಳಿಂದ ನಡೆದೇ ಇದೆ. ಅದಕ್ಕೆ ನಮ್ಮ ಮಾತಿನ ಒತ್ತಾಸೆ ಬೇಕಾಗಿಲ್ಲ. ಹೊರಡುವುದೆಂದು ನಿಶ್ಚಯವಾದ ಮೇಲೆ ಸಂಸಾರವನ್ನು ಎಲ್ಲಿ ಇಳಿಸಬೇಕು ಎಂಬ ಪ್ರಶ್ನೆಯೊಂದನ್ನೇ ನಾವು ಎತ್ತಿಕೊಂಡಿದ್ದೇವೆ.

‘ನಾವು’ ಎಂದರೆ ಇದೇ ವಾಚನಾಲಯದಲ್ಲಿ ಭಾನುವಾರ ಸಂಜೆ ಕೂಡುವ ಐದು ಮನೆಯವರು. ಮೂರು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ಊರೂರು ತಿರುಗಿ ಜಾಗ ನೋಡಿ ಬಂದವರು. ಎರಡು ಮನೆಯವರ ಮೂಲ ಉಡುಪಿಯ ಕಡೆ, ಒಂದು ಮನೆಯವರದು ಅಂಕೋಲೆಯ ಕಡೆ, ಉಳಿದೆರಡು ವಿಜಯಪುರ, ಬಾಗಲಕೋಟೆಗಳ ಸೀಮೆಯವು. ಆದುದರಿಂದ ದಾರಿಯುದ್ದಕ್ಕೂ ವಾದಕ್ಕೇನೂ ಬರಗಾಲವಿರಲಿಲ್ಲ.

ಯಾವ ಊರಿಗೆ ಹೋಗುತ್ತೀರಿ ಎಂದು ಕೇಳಿದರೆ, “ಬೇರೆ ಯಾವುದು? ನಮ್ಮದೇ ಊರು” ಎಂಬ ಉತ್ತರ ಥಟ್ಟನೆ ಬರುತ್ತದೆ. ಇದು ಸಹಜ. ಆದರೆ ಆ ‘ನಮ್ಮ ಊರು’ ಎಂಬುದು ಎಷ್ಟು ಮಟ್ಟಿಗೆ ನೆಲದ ಮೇಲೆ ಇದೆ, ಎಷ್ಟು ಮಟ್ಟಿಗೆ ನಮ್ಮ ತಲೆಯಲ್ಲಿದೆ ಎಂಬುದನ್ನು ನೋಡಬೇಕು. ಬಾಗಲಕೋಟೆಯ ಸೀಮೆಯ ನಮ್ಮ ಮಿತ್ರರ ಊರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಜನರಿಗೆ ಪುನರ್ವಸತಿ ಕೇಂದ್ರದಲ್ಲಿ ಸಾಲಾಗಿ ನಿವೇಶನ ಕೊಟ್ಟಿದ್ದಾರೆ, ಊರಿನ ಹೆಸರೂ ಅದೇ ಇದೆ. ಆದರೆ ಅವರು ಈಜು ಕಲಿತ ಬಾವಿ, ಕುಸ್ತಿ ಆಡಿದ ಗರಡಿ ಯಾವುದೂ ಇಲ್ಲ. ಇದು ಒಬ್ಬರ ಮಾತಾಯಿತು. ನೀರಿನಲ್ಲಿ ಮುಳುಗದ ಊರುಗಳೂ ಬೇರೆ ರೀತಿಯಲ್ಲಿ ಮುಳುಗಿರುತ್ತವೆ. ಹಿರಿಯರ ಮನೆಯಲ್ಲಿ ಅಣ್ಣತಮ್ಮಂದಿರ ಪಾಲು ಆಗಿರುವುದಿಲ್ಲ. ೨೦೦೫ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಅಕ್ಕತಂಗಿಯರನ್ನು ಕೇಳದೆ “ಮನೆ ನನ್ನದು” ಎಂದು ಗಂಟುಮೂಟೆಯೊಡನೆ ಹೋಗಿ ಇಳಿಯುವವನು ಮೊದಲ ದಿನವೇ ವ್ಯಾಜ್ಯವನ್ನು ಜೊತೆಗೆ ಇಳಿಸಿಕೊಂಡಂತೆ. ೨೦೨೦ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಊರು ಸೇರಿದ ನಮ್ಮವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನಿನಲ್ಲಿ ಇರಿಸಿದ್ದು ನಿಮಗೆ ನೆನಪಿರಬಹುದು. ರೋಗದ ಭಯಕ್ಕೆ ಅದು ಬೇಕಾಗಿತ್ತು, ತಪ್ಪೆನ್ನುವಂತಿಲ್ಲ. ಆದರೆ ಕಿಟಕಿಯಾಚೆ ನಿಂತ ಬಂಧುಗಳ ಕಣ್ಣಿನಲ್ಲಿ ತಾವು ‘ಮುಂಬಯಿಯವರು’ ಎಂಬುದನ್ನು ಅನೇಕರು ಆಗಲೇ ಮೊದಲು ಕಂಡದ್ದು.

ಹುಟ್ಟೂರೇ ಆಗಬೇಕೆಂಬ ನಿಯಮವನ್ನು ನಮ್ಮ ಹಿರಿಯರೂ ಇಟ್ಟುಕೊಂಡಿರಲಿಲ್ಲ. ಶಿವರಾಮ ಕಾರಂತರು ಕೋಟದವರು. ಅವರು ಬಾಳಿನ ಬಹುಭಾಗವನ್ನು ಕಳೆದದ್ದು ಪುತ್ತೂರಿನಲ್ಲಿ, ಬಾಲವನವನ್ನು ಕಟ್ಟಿದ್ದೂ ಅಲ್ಲಿಯೇ. ಕೋಟದ ನೆರೆಯ ಸಾಲಿಗ್ರಾಮಕ್ಕೆ ಬಂದದ್ದು ಇಳಿವಯಸ್ಸಿನಲ್ಲಿ. ಪೂರ್ಣಚಂದ್ರ ತೇಜಸ್ವಿಯವರ ಮನೆತನ ಕುಪ್ಪಳಿಯದು. ಅವರು ಮೈಸೂರನ್ನು ಬಿಟ್ಟು ತೋಟ ಮಾಡಲು ಹೋದದ್ದು ಮೂಡಿಗೆರೆಗೆ, ೨೦೦೭ರಲ್ಲಿ ಕೊನೆಯುಸಿರೆಳೆದದ್ದೂ ಅಲ್ಲಿಯೇ. ಇನ್ನು ನಮ್ಮ ನಗರದವರೇ ಆಗಿದ್ದ ಯಶವಂತ ಚಿತ್ತಾಲರನ್ನು ನೋಡಿ. ಹುಟ್ಟಿದ ಹನೇಹಳ್ಳಿಯನ್ನು ಬಾಳಿನುದ್ದಕ್ಕೂ ಬರೆದರು, ಬಾಳಿದ್ದು ಬಾಂದ್ರಾದಲ್ಲಿ. ಊರನ್ನು ಪ್ರೀತಿಸುವುದು ಬೇರೆ, ಊರಿನಲ್ಲಿ ಒಲೆ ಹೂಡುವುದು ಬೇರೆ. ಎರಡಕ್ಕೂ ಒಂದೇ ಸ್ಥಳ ಆಗಿಬಂದರೆ ಅದು ಪುಣ್ಯ.

ಹಾಗಾದರೆ ಯಾವ ಲೆಕ್ಕದಿಂದ ಆರಿಸಬೇಕು? ತಿರುಗಾಟದ ಎರಡನೆಯ ವರ್ಷ ನಡೆದ ಒಂದು ಪ್ರಸಂಗ ನಮಗೆ ಕಣ್ಣು ತೆರೆಸಿತು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಒಂದು ತೋಟ ನೋಡಲು ಹೋಗಿದ್ದೆವು. ಮೂರು ಎಕರೆ ಅಡಿಕೆ, ಹಂಚಿನ ಮನೆ, ಮುಂದೆ ಗದ್ದೆಬಯಲು, ಹಿಂದೆ ಕಾಡು. ಗಂಡಸರೆಲ್ಲ ಮರುಳಾದೆವು. ನಮ್ಮ ಜೊತೆಯ ತಾಯಿಯೊಬ್ಬರು, ಪರಳಿನ ಚಾಳಿನಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವರು, ಅಂಗಳದಲ್ಲಿ ನಿಂತು ಸುತ್ತಲೂ ನೋಡಿ ದಲಾಲಿಯನ್ನು ಕೇಳಿದರು: “ಇಲ್ಲಿಂದ ಕೂಗಿದರೆ ಯಾರಿಗೆ ಕೇಳಿಸುತ್ತೆ?” ಆತ ನಕ್ಕು, “ಇಲ್ಲಿ ಕೂಗೋ ಪ್ರಸಂಗವೇ ಬರಲ್ಲ, ಅಮ್ಮಾ” ಎಂದ. ಅವರು ಬಿಡಲಿಲ್ಲ. “ಬರಲ್ಲ ಅಂತಲೇ ಇಟ್ಕೊಳ್ಳಿ. ಕೂಗಿದರೆ ಯಾರಿಗೆ ಕೇಳಿಸುತ್ತೆ?” ಯಾರಿಗೂ ಕೇಳಿಸುತ್ತಿರಲಿಲ್ಲ. ಅತಿ ಹತ್ತಿರದ ಮನೆ ಗುಡ್ಡದ ಆಚೆಗಿತ್ತು.

ಅಂದಿನಿಂದ ನಮ್ಮ ನೋಟವೇ ಬದಲಾಯಿತು. ಊರನ್ನು ಆರಿಸುವವನು ಒಬ್ಬ, ಅಲ್ಲಿ ಹಗಲೆಲ್ಲ ಕಳೆಯುವವರು ಇನ್ನೊಬ್ಬರು. ಸಾಮಾನ್ಯವಾಗಿ ಕನಸು ಕಾಣುವವನು ಮನೆಯ ಯಜಮಾನ. ಆತ ದಿನ ಬೆಳಗಾದರೆ ಪೇಟೆಗೋ ಬ್ಯಾಂಕಿಗೋ ಕಚೇರಿಗೋ ಓಡಾಡಿಕೊಂಡಿರುತ್ತಾನೆ. ಮನೆಯಲ್ಲಿ ಉಳಿಯುವವರು ಹೆಂಡತಿ, ಮುದಿ ತಾಯಿ, ಶಾಲೆಯಿಂದ ಬಂದ ಮಗು. ಈ ಮೂವರಲ್ಲಿ ಯಾರು ಎಲ್ಲರಿಗಿಂತ ಹೆಚ್ಚು ಹೊತ್ತು ಆ ಮನೆಯಲ್ಲಿರುವರೋ ಅವರಿಗೆ ಒಪ್ಪಿಗೆಯಾಗದ ಜಾಗ, ಎಷ್ಟೇ ಚೆಲುವಾಗಿರಲಿ, ಜಾಗವಲ್ಲ ಎಂದು ನಿರ್ಧರಿಸಿದೆವು.

ಇಲ್ಲೊಂದು ಮುಖ್ಯ ಸಂಗತಿಯನ್ನು ಹೇಳಬೇಕು. ‘ಹಳ್ಳಿ’ ಎಂಬ ಒಂದೇ ಶಬ್ದದಲ್ಲಿ ನಾವು ಎರಡು ಬೇರೆ ಬೇರೆ ಲೋಕಗಳನ್ನು ಕರೆಯುತ್ತೇವೆ. ಕರಾವಳಿ ಮತ್ತು ಮಲೆನಾಡುಗಳಲ್ಲಿ ಮನೆ ಗದ್ದೆ ತೋಟಗಳ ನಡುವೆ ಒಂಟಿಯಾಗಿ ನಿಲ್ಲುತ್ತದೆ. ಊರು ಎಂದರೆ ಹೀಗೆ ಚದುರಿದ ಮನೆಗಳ ಲೆಕ್ಕ. ಬಯಲುಸೀಮೆಯಲ್ಲಿ ಮನೆಗಳೆಲ್ಲ ಒಂದೆಡೆ ಒತ್ತಾಗಿ, ಗೋಡೆಗೆ ಗೋಡೆ ಕೂಡಿ ಇರುತ್ತವೆ, ಹೊಲಗಳು ಊರ ಹೊರಗೆ. ಅಲ್ಲಿ ಕಟ್ಟೆಯ ಮೇಲೆ ಕುಳಿತರೆ ಇಡೀ ಓಣಿ ಮಾತನಾಡಿಸಿ ಹೋಗುತ್ತದೆ, ಮನೆಯ ಜಗಳವೂ ಓಣಿಗೆಲ್ಲ ಗೊತ್ತಾಗುತ್ತದೆ. ಚಾಳಿನಲ್ಲಿ, ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಬೆಳೆದ ನಮ್ಮ ಜನಕ್ಕೆ, ಮುಂಬಯಿಗೆ ಹೆಚ್ಚು ಹತ್ತಿರವಾದದ್ದು ಮಲೆನಾಡಿನ ಆ ಚಿತ್ರದಂಥ ಮನೆಯಲ್ಲ, ವಿಜಯಪುರದ ಕಡೆಯ ಈ ಧೂಳಿನ ಓಣಿ. ಇದನ್ನು ಕೇಳಿ ಉಡುಪಿಯ ಕಡೆಯ ನಮ್ಮ ಮಿತ್ರರಿಬ್ಬರೂ ನಕ್ಕರು. ಅವರವರ ಮನೆಯಲ್ಲಿ ಕೇಳಿ ನೋಡಿದ ಮೇಲೆ ನಗಲಿಲ್ಲ. ಏಕಾಂತವು ನಾಲ್ಕು ದಿನದ ರಜೆಯಲ್ಲಿ ಸುಖ. ಆಷಾಢದ ಮಳೆಯಲ್ಲಿ, ಕರೆಂಟು ಹೋದ ಮೂರನೆಯ ರಾತ್ರಿ, ಅದರ ರುಚಿ ಬೇರೆ.

ಎರಡನೆಯದು ನೀರು. ಜಾಗ ಮಾರುವವರು ಜಾಗ ತೋರಿಸುವುದು ಮಳೆ ನಿಂತ ಮೇಲೆ, ದೀಪಾವಳಿಯ ಆಜುಬಾಜಿನಲ್ಲಿ. ಆಗ ಎಲ್ಲ ಬಾವಿಗಳೂ ತುಂಬಿರುತ್ತವೆ, ಎಲ್ಲ ಗುಡ್ಡಗಳೂ ಹಸಿರಾಗಿರುತ್ತವೆ. ನಾವು ಹೋಗಬೇಕಾದದ್ದು ಯುಗಾದಿ ಕಳೆದ ಮೇಲೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೆ ಕಡಿಮೆಯಿಲ್ಲದ ಮಳೆ ಬೀಳುತ್ತದೆ, ಆಗುಂಬೆಯಲ್ಲಿ ಅದರ ಇಮ್ಮಡಿ. ಆದರೂ ಕರಾವಳಿಯ ಎಷ್ಟೋ ಗ್ರಾಮಗಳಿಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಟ್ಯಾಂಕರಿನಲ್ಲಿ ನೀರು ಬರುತ್ತದೆ. ಇಳಿಜಾರಿನ ನೆಲದಲ್ಲಿ ಬಿದ್ದ ಮಳೆ ನಾಲ್ಕು ತಿಂಗಳಲ್ಲಿ ಸಮುದ್ರ ಸೇರುತ್ತದೆ, ನಮಗಾಗಿ ಕಾಯುವುದಿಲ್ಲ. ಅಳಿವೆಗೆ ಸಮೀಪದ ಬಾವಿಗಳಲ್ಲಿ ಬೇಸಗೆಯ ಕೊನೆಗೆ ನೀರು ಉಪ್ಪಾಗುವುದೂ ಉಂಟು. ತುಳುನಾಡಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಪತ್ತನಾಜೆಯ ಹೊತ್ತಿಗೆ ಬಾವಿಯಲ್ಲಿ ಎಷ್ಟು ಕೋಲು ನೀರಿರುತ್ತದೆ? ಉತ್ತರವನ್ನು ಮಾರುವವರ ಬಾಯಿಂದ ಕೇಳಬಾರದು. ನೆರೆಮನೆಯಲ್ಲಿ ನೀರು ಸೇದುವ ಹೆಂಗಸಿನ ಬಾಯಿಂದ ಕೇಳಬೇಕು.

ಗುಡ್ಡದಲ್ಲಿ ನೀರು ತೆಗೆಯಬಹುದಲ್ಲ ಎನ್ನುವವರು ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರ ತೋಟವನ್ನು ನೆನೆಯುತ್ತಾರೆ. ೨೦೨೨ರಲ್ಲಿ ಪದ್ಮಶ್ರೀ ಪಡೆದ ಆ ಹಿರಿಯರು ಒಬ್ಬರೇ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು, ಹಲವು ಸುರಂಗಗಳು ವ್ಯರ್ಥವಾದ ಮೇಲೆ ನೀರು ಕಂಡವರು. ಅವರಿಗೆ ಕೈಮುಗಿಯೋಣ. ಆದರೆ ಐವತ್ತೈದು ವಯಸ್ಸಿಗೆ ಬ್ಯಾಂಕಿನ ಮೇಜು ಬಿಟ್ಟು ಹೋಗುವ ನಾವು ಅವರ ರಟ್ಟೆಯನ್ನು ನಂಬಿ ಜಾಗ ಕೊಳ್ಳಲಾಗದು.

ಬಯಲುಸೀಮೆಯ ಕಥೆ ಬೇರೆ. ಅಲ್ಲಿ ಬೋರ್‌ವೆಲ್ಲಿನಲ್ಲಿ ನೀರು ಬಂದರಷ್ಟೇ ಸಾಲದು, ಎಂಥ ನೀರು ಎಂಬುದನ್ನು ನೋಡಬೇಕು. ಕೋಲಾರ, ತುಮಕೂರು, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಕೂಡದೆಂದು ನಿಯಮವಿದೆ. ಪ್ರಯೋಗಾಲಯಕ್ಕೆ ಒಂದು ಬಾಟಲಿ ನೀರು ಕಳಿಸುವುದು ಸುಲಭ. ಅದಕ್ಕೂ ಮೊದಲು ಆ ಊರಿನ ಶಾಲೆಯ ಅಂಗಳದಲ್ಲಿ ಹತ್ತು ನಿಮಿಷ ನಿಂತು ಮಕ್ಕಳನ್ನು ನಗಿಸಿ ನೋಡಬೇಕು. ಹಲ್ಲಿನ ಮೇಲೆ ಕಂದು ಪಟ್ಟೆಗಳಿದ್ದರೆ ಆ ನೀರಿನ ವರದಿ ನಿಮಗೆ ಆಗಲೇ ಸಿಕ್ಕಿತು.

ಇನ್ನು ದಾರಿ. ಇದರಲ್ಲಿ ನಾವು ಸ್ವಲ್ಪ ಕಠಿಣವಾಗಿಯೇ ಮಾತನಾಡುತ್ತೇವೆ, ಕ್ಷಮಿಸಬೇಕು. ೧೯೯೮ರ ಜನವರಿಯಲ್ಲಿ ಕೊಂಕಣ ರೈಲು ಮಂಗಳೂರಿನ ವರೆಗೆ ಪೂರ್ಣವಾಗಿ ತೆರೆದ ಮೇಲೆ ಮುಂಬಯಿಯಿಂದ ಕರಾವಳಿಗೆ ಹೋಗುವುದು ರಾತ್ರಿ ಮಲಗಿ ಏಳುವಷ್ಟು ಹಗುರಾಯಿತು. ಆದರೆ ರೈಲು ನಿಲ್ದಾಣದಿಂದ ಮನೆಯಂಗಳದ ತನಕದ ದಾರಿಯನ್ನು ಯಾವ ವೇಳಾಪಟ್ಟಿಯೂ ಹೇಳುವುದಿಲ್ಲ. ಉತ್ತರಕನ್ನಡ, ಬೈಂದೂರುಗಳ ಹಳ್ಳಿಗಳಲ್ಲಿ ಹಳ್ಳ ದಾಟಲು ಇಂದಿಗೂ ಕಾಲುಸಂಕಗಳಿವೆ. ಬೇಸಗೆಯಲ್ಲಿ ಅವು ಫೋಟೋ ತೆಗೆಯಲು ಚೆನ್ನ. ೨೦೨೨ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲೆಯೊಬ್ಬಳು ಅಂಥ ಸಂಕದಿಂದ ಜಾರಿ ನೀರುಪಾಲಾದಳು. ಅದಕ್ಕೆ ಒಂದು ತಿಂಗಳು ಹಿಂದೆ, ಜುಲೈಯಲ್ಲಿ, ಹೊನ್ನಾವರದಿಂದ ರೋಗಿಯನ್ನು ದಕ್ಷಿಣಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಸುಂಕದಕಟ್ಟೆಯ ಬಳಿ ಜಾರಿ ಮಗುಚಿ ನಾಲ್ವರು ತೀರಿಕೊಂಡರು. ಉತ್ತರಕನ್ನಡಕ್ಕೆ ಸುಸಜ್ಜಿತವಾದ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆಗ ಜಿಲ್ಲೆಯ ತುಂಬ ಎದ್ದಿತು. ೨೦೨೪ರ ಜುಲೈಯಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ಮುಚ್ಚಿದ ಶಿರೂರು ಬೇರೆ, ಅದು ಅಂಕೋಲೆಯದು. ಹೆಸರು ಒಂದೇ ಆದರೂ ಎರಡು ಊರುಗಳು ಎರಡು ಪಾಠಗಳನ್ನು ಹೇಳುತ್ತವೆ. ಗುಡ್ಡದ ಬುಡವನ್ನು ಕಡಿದು ಸಮಮಾಡಿದ ನಿವೇಶನ ಎಷ್ಟೇ ಅಗ್ಗವಾಗಿರಲಿ, ಬೇಡ. ೨೦೧೮ರಲ್ಲಿ ಕೊಡಗಿನಲ್ಲಿ ಆದದ್ದನ್ನು ನೀವೆಲ್ಲ ಬಲ್ಲಿರಿ. ನದೀತೀರದ ಹೊಲಕ್ಕೂ ಇದೇ ಮಾತು: ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯ ನೆರೆ ಎಲ್ಲಿಯ ತನಕ ಬಂದಿತ್ತೆಂದು ಗೋಡೆಯ ಮೇಲಿನ ಗುರುತನ್ನು ತೋರಿಸಲು ಹೇಳಿ.

ಆಸ್ಪತ್ರೆ ಎಷ್ಟು ಮೈಲಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ ತಾಯಿಗೆ ಎದೆನೋವು ಬಂದರೆ ಹೃದಯದ ವೈದ್ಯರಿರುವ ಜಾಗಕ್ಕೆ ತಲಪಲು ಎಷ್ಟು ಹೊತ್ತು ಬೇಕು? ಶಿರಸಿಯ ಸುತ್ತಲಿನ ತೋಟಗಳಂಥ ತೋಟಗಳು ಎಲ್ಲಿ ಸಿಗುತ್ತವೆ? ಅಲ್ಲಿಯ ಊಟ, ಉಪಚಾರ, ಯಕ್ಷಗಾನ ಎಲ್ಲ ಚೆನ್ನ. ಆದರೆ ರೈಲಿಲ್ಲ, ಹುಬ್ಬಳ್ಳಿಗೆ ಹೋಗಬೇಕಾದರೂ ಮಣಿಪಾಲಕ್ಕೆ ಹೋಗಬೇಕಾದರೂ ಗಂಟೆಗಳ ಲೆಕ್ಕ. ಮನೆಯಲ್ಲಿ ಎಪ್ಪತ್ತು ದಾಟಿದವರು ಇದ್ದರೆ ಘಟ್ಟದ ಮೇಲಿನ ಒಳಹಳ್ಳಿ ಬೇಡ ಎಂಬುದು ನಮ್ಮ ಅಭಿಪ್ರಾಯ. ಅಂಕೋಲೆಯ ಕಡೆಯ ನಮ್ಮ ಮಿತ್ರರು ಇದನ್ನು ಇಂದಿಗೂ ಒಪ್ಪುವುದಿಲ್ಲ. “ಅಲ್ಲಿಯವರೂ ಬದುಕಿಲ್ಲವೇನ್ರೀ?” ಎನ್ನುತ್ತಾರೆ. ಬದುಕಿದ್ದಾರೆ, ನಿಜ. ಅವರಿಗೆ ಜೀಪು ತರಬಲ್ಲ ನೆರೆಯವರು ನಾಲ್ಕು ಜನರಿದ್ದಾರೆ. ನಮಗೆ ಅವರು ದೊರೆಯಲು ಹತ್ತು ವರ್ಷ ಬೇಕು.

ಕಾಡಿನ ಅಂಚಿನ ಜಾಗವಾದರೆ ಇನ್ನೂ ಒಂದು ವಿಚಾರಣೆ ಆಗಬೇಕು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಚಳಿಗಾಲದಿಂದ ಮುಂಗಾರಿನ ತನಕ ಮಲೆನಾಡಿನಲ್ಲಿ ಈಗಲೂ ತಲೆಯೆತ್ತುತ್ತದೆ. ಇದನ್ನು ತೋಟದ ದಲಾಲಿ ಹೇಳುವುದಿಲ್ಲ, ಊರಿನ ಆಶಾ ಕಾರ್ಯಕರ್ತೆ ಹೇಳುತ್ತಾಳೆ. ಸಕಲೇಶಪುರ, ಕೊಡಗುಗಳಲ್ಲಿ ಆನೆಯ ಸಂಗತಿಯನ್ನು ನೀವು ಕೇಳುವ ಮೊದಲೇ ಯಾರಾದರೂ ಹೇಳಿಯಾರು.

ಮಕ್ಕಳ ಶಾಲೆಯ ಮಾತಿಗೆ ಬಂದರೆ, ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ದೇವನಾಗರಿ ಸರಾಗವಾಗಿ ಓದುತ್ತಾರೆ, ಕನ್ನಡದ ಒತ್ತಕ್ಷರ ಕಂಡರೆ ತಡವರಿಸುತ್ತಾರೆ. ಕರ್ನಾಟಕದ ಶಾಲೆಗಳಲ್ಲಿ ೨೦೧೫ರ ಕನ್ನಡ ಕಲಿಕೆಯ ಕಾಯಿದೆಯ ಪ್ರಕಾರ ಕನ್ನಡವನ್ನು ಕಲಿಯಲೇಬೇಕು. ಇದು ನಮಗೆ ಸಂತೋಷದ ವಿಷಯ. ಆದರೆ ಸಂತೋಷ ನಮ್ಮದು, ಪರೀಕ್ಷೆ ಮಗುವಿನದು. ಮೂರು, ನಾಲ್ಕನೆಯ ತರಗತಿಯ ಮಗು ಒಂದು ವರ್ಷದಲ್ಲಿ ಹೊಂದಿಕೊಳ್ಳುತ್ತದೆ. ಎಂಟನ್ನು ದಾಟಿದ ಮಗುವನ್ನು ಕೀಳಬಾರದು. ಹತ್ತನೆಯದು ಮುಗಿಯುವ ತನಕ ನಾವೇ ತಡೆದಿರಬೇಕು. ಆಟದ ಬಯಲಿನ ಭಾಷೆ ಪಾಠದ ಭಾಷೆಯಾಗಿರಲಿಕ್ಕಿಲ್ಲ ಎಂಬುದನ್ನೂ ತಿಳಿದಿರಬೇಕು. ಕಾರ್ಕಳದಲ್ಲಿ ಅದು ತುಳು, ಕುಮಟೆಯಲ್ಲಿ ಕೊಂಕಣಿಯೂ ಇದ್ದೀತು. ನಿಪ್ಪಾಣಿ, ಖಾನಾಪುರಗಳಲ್ಲಿ ಮಾತ್ರ ನಮ್ಮ ಮುಂಬಯಿ ಮಕ್ಕಳಿಗೆ ಮೊದಲ ದಿನವೇ ಗೆಳೆಯರು ಸಿಗುತ್ತಾರೆ. ಇದನ್ನು ಗಟ್ಟಿಯಾಗಿ ಹೇಳಿದರೆ ಸಂಘದ ಕೆಲವರಿಗೆ ಸಿಟ್ಟು ಬಂದೀತು.

ಕಾಗದಪತ್ರಗಳ ವಿಷಯವನ್ನು ವಕೀಲರಿಗೆ ಬಿಡುವುದು ಒಳ್ಳೆಯದು. ಆದರೂ ಎರಡು ಮಾತು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಅಡ್ಡಿಯಾಗಿದ್ದ ಭೂಸುಧಾರಣಾ ಕಾಯಿದೆಯ ೭೯ಎ, ೭೯ಬಿ ಕಲಮುಗಳನ್ನು ೨೦೨೦ರ ತಿದ್ದುಪಡಿ ತೆಗೆದುಹಾಕಿತು. ಬಾಗಿಲು ತೆರೆಯಿತೆಂದು ಹಿಗ್ಗಿ ಓಡಬೇಡಿ. ಪಹಣಿಯಲ್ಲಿ ಕಾಣುವುದೆಲ್ಲ ಮಾರುವವನದಲ್ಲ, ಮಾರುವವನು ಬೆರಳು ಮಾಡಿ ತೋರಿಸುವುದೆಲ್ಲ ಪಹಣಿಯಲ್ಲಿಲ್ಲ. ದಕ್ಷಿಣಕನ್ನಡದ ಕುಮ್ಕಿ, ಉತ್ತರಕನ್ನಡದ ಸೊಪ್ಪಿನಬೆಟ್ಟ, ಇವೆಲ್ಲ ಅನುಭೋಗದ ಸವಲತ್ತುಗಳೇ ಹೊರತು ಒಡೆತನವಲ್ಲ. ಐದು ಎಕರೆ ಎಂದು ತೋರಿಸಿದ್ದರಲ್ಲಿ ಮೂರು ಎಕರೆ ಹೀಗೆ ಕರಗುವುದುಂಟು. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ೧೯೭೮ರ ಕಾಯಿದೆ ಕಾಯುತ್ತದೆ. ಎಷ್ಟು ವರ್ಷ ಕಳೆದಿದ್ದರೂ ಮರಳಿ ಕೇಳಬಹುದೆಂದು ೨೦೨೩ರಲ್ಲಿ ತಿದ್ದುಪಡಿಯಾಗಿದೆ. ಅದು ನ್ಯಾಯವೂ ಹೌದು. ಅಂಥ ಜಮೀನಿನ ಮೇಲೆ ಕಣ್ಣು ಹಾಕಬಾರದು. ತುಳುನಾಡಿನ ಜಾಗವಾದರೆ ಅದರಲ್ಲಿ ನಾಗಬನವಿದೆಯೆ, ದೈವದ ಕಟ್ಟೆಯಿದೆಯೆ ನೋಡಿಕೊಳ್ಳಿ. ಕ್ರಯಪತ್ರದಲ್ಲಿ ಬರೆಯದ ಆ ಸೇವೆಗಳೂ ಜಾಗದ ಜೊತೆಗೇ ಬರುತ್ತವೆ, ಅವುಗಳನ್ನು ನಡೆಸುವ ಮನಸ್ಸಿದ್ದರೆ ಊರವರ ಮನಸ್ಸೂ ಬೇಗ ಬರುತ್ತದೆ.

ಸಂಪಾದನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಡಿಕೆಯ ಸಸಿ ನೆಟ್ಟವರು ಫಸಲಿಗೆ ಐದಾರು ವರ್ಷ ಕಾಯಬೇಕು, ಶೃಂಗೇರಿ, ಕೊಪ್ಪ, ಸುಳ್ಯಗಳಲ್ಲಿ ಹಳದಿ ಎಲೆ ರೋಗದ ಕಾಟ ಹಳೆಯದು. ತೋಟದಿಂದಲೇ ಮನೆ ನಡೆಯಬೇಕೆಂಬ ಲೆಕ್ಕ ಹಾಕಿ ಹೋದರೆ ತೋಟಕ್ಕೂ ಸುಖವಿಲ್ಲ, ಮನೆಗೂ ಸುಖವಿಲ್ಲ.

ಇಷ್ಟೆಲ್ಲ ಕೇಳಿ, “ಹಾಗಾದರೆ ಎಲ್ಲಿಗೂ ಹೋಗುವುದು ಬೇಡ ಎನ್ನುತ್ತೀರಾ?” ಎಂದು ನೀವು ಕೇಳಬಹುದು. ಹಾಗಲ್ಲ. ನಮ್ಮ ಐದು ಮನೆಗಳಲ್ಲಿ ಎರಡು ಮನೆಯವರು ಹೊರಟುಬಿಟ್ಟಿದ್ದಾರೆ. ಕೂಗಿದರೆ ಯಾರಿಗೆ ಕೇಳಿಸುತ್ತೆ ಎಂದು ಕೇಳಿದ ಆ ತಾಯಿಯ ಮನೆಯವರು ಈಗ ಕಾರ್ಕಳದ ಹತ್ತಿರ, ಪೇಟೆಯಿಂದ ಎರಡು ಮೈಲಿಯಲ್ಲಿ, ಒಂದು ಬಾಡಿಗೆ ಮನೆಯಲ್ಲಿದ್ದಾರೆ. ಕೊಳ್ಳುವ ಮೊದಲು ಒಂದು ಬೇಸಗೆ, ಒಂದು ಮಳೆಗಾಲ ಅಲ್ಲಿ ಕಳೆಯಬೇಕೆಂದು ಹಟ ಹಿಡಿದವರೂ ಅವರೇ. ಎರಡು ಕಡೆ ನೆರೆಮನೆಗಳಿವೆ. ಬಾವಿ ಮೇ ತಿಂಗಳಲ್ಲಿ ಬತ್ತಿತು. ಮಾಲೀಕರು ತಮ್ಮ ಮನೆಯಿಂದ ನಳ್ಳಿ ಎಳೆದು ಕೊಟ್ಟರು. ಆದುದರಿಂದ ಆ ಮನೆಯನ್ನು ಕೊಳ್ಳುವುದಿಲ್ಲ, ಆ ಊರನ್ನು ಬಿಡುವುದೂ ಇಲ್ಲ ಎಂದು ಬರೆದಿದ್ದಾರೆ. ಬಾಗಲಕೋಟೆಯ ಮಿತ್ರರು ಹಿನ್ನೀರಿನಲ್ಲಿ ಹೋದ ಊರನ್ನು ಬಿಟ್ಟು, ಹೆಂಡತಿಯ ತವರಾದ ಧಾರವಾಡದ ಪಕ್ಕದ ಹಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಎರೆಭೂಮಿಯಲ್ಲಿ ಪಾಯ ಆಳವಾಗಿ ಹಾಕದಿದ್ದರೆ ಗೋಡೆ ಸೀಳುತ್ತದೆಂದು ಗೌಂಡಿಯವರು ಹೇಳಿದ ಮೇಲೆ ಖರ್ಚು ಏರಿದೆ. ಅವರ ವಾರದ ಪತ್ರಗಳಲ್ಲಿ ಈಗ ಪಾಯದ ಹೊರತು ಬೇರೆ ವಿಷಯವಿಲ್ಲ. ಮೂರನೆಯ ಮನೆಯವರು ಮಗಳ ಹತ್ತನೆಯ ಪರೀಕ್ಷೆಗೆ ಕಾದಿದ್ದಾರೆ. ನಾಲ್ಕನೆಯವರು ಹೋಗುವುದಿಲ್ಲವೆಂದು ತಿಳಿಸಿದ್ದಾರೆ, ಅವರ ತಾಯಿಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗಬೇಕಾಗಿದೆ. ಅಂಕೋಲೆಯವರು ಮಾತ್ರ ಇನ್ನೂ ಘಟ್ಟದ ಮೇಲಿನ ಕನಸನ್ನು ಬಿಟ್ಟಿಲ್ಲ.

ಅವರ ಒತ್ತಾಯಕ್ಕೆ, ಬರುವ ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಸಿದ್ದಾಪುರ, ಯಲ್ಲಾಪುರಗಳ ಕಡೆ ನಾಲ್ಕು ಜಾಗಗಳನ್ನು ನೋಡಲು ಹೊರಡುವವರಿದ್ದೇವೆ. ಕುಮಟೆಯ ತನಕ ರೈಲು, ಅಲ್ಲಿಂದ ಮುಂದೆ ಬಾಡಿಗೆ ಗಾಡಿ. ಜೊತೆಗೆ ಬರುವವರು ಮನೆಯ ಹೆಂಗಸರನ್ನು ತಪ್ಪದೆ ಕರೆತರಬೇಕು. ಗಂಡಸರು ಒಬ್ಬರೇ ಬಂದರೆ ಗಾಡಿಯಲ್ಲಿ ಸ್ಥಳವಿಲ್ಲ. ಹೆಸರು ಕೊಡುವವರು ಸಂಘದ ಕಾರ್ಯಾಲಯದಲ್ಲಿ ಸಂಜೆ ಆರರ ಮೇಲೆ ಕೊಡಬಹುದು.